ಪೇತ್ರನ ಉಳಿದ ಕಥೆ

ಸೀಗೆದೊಡ್ಡಿಯಲ್ಲಿ ಕುಮಾರಿಯಷ್ಟು ಸತ್ಯವೇದ ಓದಿದವರು ಇನ್ನೊಬ್ಬರಿರಲಿಲ್ಲ. ಜೀರಹಳ್ಳಿಯಿಂದ ಕಾಡಂಚಿಗೆ ಹೋಗುವ ದಾರಿಯಲ್ಲಿ ಎಪ್ಪತ್ತು ಮನೆಗಳ ಊರು ಅದು. ಹದಿನಾಲ್ಕು ಮನೆಯವರು ಮಾತ್ರ ಭಾನುವಾರ ತಗಡಿನ ಚಾವಣಿಯ ಸಭೆಮನೆಗೆ ಹೋಗುತ್ತಿದ್ದರು. ಆ ಹದಿನಾಲ್ಕರಲ್ಲಿ ಮೊದಲನೆಯದು ಕುಮಾರಿಯ ಅಪ್ಪನ ಮನೆ. ಅಪ್ಪ ತೀರಿಕೊಂಡಾಗ ಅವನ ಸತ್ಯವೇದ ಅವಳ ಪಾಲಿಗೆ ಬಂತು. ಅಂದಿನಿಂದ ಹತ್ತೊಂಬತ್ತು ವರ್ಷ, ಜ್ವರ ಬಂದ ದಿನಗಳನ್ನು ಬಿಟ್ಟರೆ, ಬೆಳಿಗ್ಗೆ ಐದಕ್ಕೆ ಎದ್ದು, ಮುಖ ತೊಳೆದು, ಚಾಪೆ ಹಾಸಿ ಕುಳಿತು ಹಳೆಯ ಒಡಂಬಡಿಕೆಯ ಒಂದು ಅಧ್ಯಾಯ, ಹೊಸದರ ಒಂದು ಅಧ್ಯಾಯ ಓದಿ ಪ್ರಾರ್ಥನೆ ಮಾಡುತ್ತಿದ್ದಳು. ಬುಧವಾರ ಹೆಂಗಸರ ವೇದಪಾಠ ನಡೆಸುವವಳೂ ಅವಳೇ. ಯಾವ ಮಾತು ಯಾವ ಪುಸ್ತಕದ ಎಷ್ಟನೆಯ ವಚನ ಎಂದು ಪಾಸ್ಟರ್ ಮಣಿಯವರೇ ಕೆಲವೊಮ್ಮೆ ಅವಳನ್ನು ಕೇಳುತ್ತಿದ್ದರು.

ಜಡೆಮ್ಮ ಆ ಸಭೆಗೆ ಬಂದು ಏಳು ತಿಂಗಳಾಗಿತ್ತು. ಹಾಸನೂರು ಕಡೆಯ ಪೋಡಿನಲ್ಲಿ, ಅಂದರೆ ಕಾಡಿನ ಹಾಡಿಯಲ್ಲಿ, ಹುಟ್ಟಿದ ಸೋಲಿಗರ ಹೆಂಗಸು, ನಲವತ್ತರ ಮೇಲೆ ವಯಸ್ಸು. ಸೀಗೆದೊಡ್ಡಿಗೆ ಮದುವೆಯಾಗಿ ಬಂದವಳು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದು ಕೋಸು, ಬೀಟ್‌ರೂಟ್ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದಳು. ಅವಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಒಂದು ದಿನ ವೇದಪಾಠ ಮುಗಿದ ಮೇಲೆ ಕುಮಾರಿಯ ಹತ್ತಿರ ಬಂದು ಕೇಳಿದಳು.

"ಅಕ್ಕ, ನೀನು ದಿನಾ ಓದ್ತೀಯಂತಲ್ಲ. ನಾನು ಕೆಲ್ಸಕ್ಕ ಓಗೋ ಮುಂಚ ಬಂದು ಬಾಗ್ಲಲ್ಲಿ ಕೂತ್ಕತೀನಿ. ಸ್ವಲ್ಪ ಜೋರಾಗಿ ಓದು. ನಿಂಗ ತೊಂದ್ರ ಕೊಡಾದಿಲ್ಲ."

ಕುಮಾರಿಗೆ ಆಗ ಖುಷಿಯೇ ಆಗಿತ್ತು. ಬರಲಿ ಎಂದಳು. ಆನೆ ಭಯಕ್ಕೆ ಬೆಳಕು ಹರಿಯುವವರೆಗೆ ಯಾರೂ ಮನೆಯಿಂದ ಹೊರಡುತ್ತಿರಲಿಲ್ಲವಾದ್ದರಿಂದ ಜಡೆಮ್ಮನಿಗಾಗಿ ಅವಳು ತನ್ನ ಓದನ್ನು ಆರೂವರೆಗೆ ಬದಲಾಯಿಸಿಕೊಂಡಳು. ಜಡೆಮ್ಮ ಬಂದು ಹೊಸ್ತಿಲ ಪಕ್ಕ ಕುಳಿತು, ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚದೆ, ಕುಮಾರಿಯ ಬಾಯನ್ನೇ ನೋಡುತ್ತ ಕೇಳುತ್ತಿದ್ದಳು. ಮುಗಿದ ಮೇಲೆ "ಬತ್ತೀನಿ ಅಕ್ಕ" ಎಂದು ಎದ್ದು ಹೋಗುತ್ತಿದ್ದಳು.

ಮೂರು ತಿಂಗಳ ನಂತರ ಒಂದು ಬುಧವಾರ ಕುಮಾರಿಗೆ ಗಂಟಲು ಕಟ್ಟಿತ್ತು. "ಜಡೆಮ್ಮ, ಈ ವಾರ ಓದಿದ್ದನ್ನು ನೀನೇ ಸ್ವಲ್ಪ ಹೇಳು" ಎಂದಳು. ಜಡೆಮ್ಮ ನಾಚುತ್ತ ಎದ್ದು ನಿಂತು, ಕಳೆದುಹೋದ ಒಂದು ಕುರಿಯನ್ನು ಹುಡುಕಿ ಹೋದವನ ಕಥೆ ಹೇಳಿದಳು. ಅವನು ಯಾವ ಹಳ್ಳ ಇಳಿದಿರಬೇಕು, ಯಾವ ಪೊದೆಗೆ ಕಿವಿ ಕೊಟ್ಟು ನಿಂತಿರಬೇಕು, ಹುಲಿಯ ಹೆಜ್ಜೆ ಕಂಡಾಗ ಅವನ ಎದೆ ಹೇಗೆ ಹೊಡೆದುಕೊಂಡಿರಬೇಕು ಎಂದು ಹೇಳುತ್ತ ಹೋದಳು. ಪುಸ್ತಕದಲ್ಲಿ ಹಳ್ಳವೂ ಇರಲಿಲ್ಲ, ಹುಲಿಯೂ ಇರಲಿಲ್ಲ. ಆದರೆ ಹೆಂಗಸರು ಉಸಿರು ಬಿಗಿ ಹಿಡಿದು ಕುಳಿತಿದ್ದರು. ಮಗ ಮನೆ ಬಿಟ್ಟು ಹೋಗಿ ವರ್ಷವಾಗಿದ್ದ ಪುಟ್ಟನಂಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಕಥೆಯನ್ನು ಕುಮಾರಿ ಹತ್ತೊಂಬತ್ತು ವರ್ಷದಲ್ಲಿ ಎಷ್ಟೋ ಸಲ ಹೇಳಿದ್ದಳು. ಪುಟ್ಟನಂಜಮ್ಮ ಒಮ್ಮೆಯೂ ಅತ್ತಿರಲಿಲ್ಲ.

ಅಂದಿನಿಂದ ಕುಮಾರಿಯ ಎದೆಯಲ್ಲಿ ಏನೋ ಒಂದು ಕುಟುಕತೊಡಗಿತು. ವೇದಪಾಠ ಮುಗಿದ ಮೇಲೆ ಹೆಂಗಸರು ಜಡೆಮ್ಮನ ಸುತ್ತ ನಿಲ್ಲುತ್ತಿದ್ದರು. ಹುಷಾರಿಲ್ಲದವರು "ನಂಗೋಸ್ಕರ ಪ್ರಾರ್ಥನೆ ಮಾಡು" ಎಂದು ಅವಳ ಕೈ ಹಿಡಿಯುತ್ತಿದ್ದರು. ಅದನ್ನಾದರೂ ಕುಮಾರಿ ತಡೆದುಕೊಂಡಾಳು. ತಡೆಯಲಾಗದಿದ್ದುದು ಜಡೆಮ್ಮ ಪ್ರಾರ್ಥನೆ ಮಾಡುವ ರೀತಿ. ಎದುರಿಗೆ ಯಾರೋ ಮಣೆ ಹಾಕಿಕೊಂಡು ಕುಳಿತಿದ್ದಾರೆ ಎಂಬಂತೆ ಮಾತಾಡುತ್ತಿದ್ದಳು. "ಸ್ವಾಮಿ, ಇವತ್ತು ಸೊಂಟ ಭಾಳ ನೋಯ್ತಾ ಅದ. ಆದ್ರೂ ಮಳ ಬಂದದ್ದು ಒಳ್ಳೇದಾಯ್ತು." ಇಷ್ಟೇ. ನಡುವೆ ಸುಮ್ಮನಾಗುತ್ತಿದ್ದಳು. ಆ ಮೌನದಲ್ಲಿ ಉತ್ತರ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಕುಮಾರಿಗೆ ಅನ್ನಿಸುತ್ತಿತ್ತು.

ತನ್ನ ಪ್ರಾರ್ಥನೆ ಹೇಗಿತ್ತು? ಅಪ್ಪ ಕಲಿಸಿದ ಒಳ್ಳೊಳ್ಳೆಯ ಮಾತುಗಳಿದ್ದವು. ಅವು ನಾಲಿಗೆಗೆ ಚೆನ್ನಾಗಿ ಕೂತಿದ್ದವು. ಆದರೆ ಹೇಳಿ ಮುಗಿಸಿದ ಮೇಲೆ ಕೋಣೆ ಖಾಲಿಯಾಗಿಯೇ ಇರುತ್ತಿತ್ತು. ಇಷ್ಟು ವರ್ಷ ಅವಳು ಅದು ಎಲ್ಲರಿಗೂ ಹಾಗೆಯೇ ಎಂದುಕೊಂಡಿದ್ದಳು. ಈಗ ಹಾಗಲ್ಲ ಎಂದು ಗೊತ್ತಾಗಿತ್ತು. ನಾನು ಎದ್ದಾಗ ಇವಳಿನ್ನೂ ಮಲಗಿರುತ್ತಿದ್ದಳು, ನಾನು ಉಪವಾಸ ಮಾಡಿದಾಗ ಇವಳಿಗೆ ನಿನ್ನ ಹೆಸರೂ ಗೊತ್ತಿರಲಿಲ್ಲ, ನನ್ನ ಬಾಯಿಂದ ಕೇಳಿಸಿಕೊಂಡು ಹೋಗಿ ಇವಳು ನಿನ್ನ ಪಕ್ಕ ಕೂರುತ್ತಾಳಲ್ಲ ಎಂದು ದೇವರ ಮೇಲೆಯೇ ಸಿಟ್ಟು ಬರುತ್ತಿತ್ತು. ಹಾಗೆಂದು ಬಾಯಿ ಬಿಟ್ಟು ಹೇಳುವ ಧೈರ್ಯ ಅವಳಿಗಿರಲಿಲ್ಲ. ಸ್ತೋತ್ರ ಸ್ತೋತ್ರ ಎಂದು ಪ್ರಾರ್ಥನೆ ಮುಗಿಸುತ್ತಿದ್ದಳು.

ಒಂದು ವಾರ ಅವಳಿಗೆ ಒಂದು ಉಪಾಯ ಹೊಳೆಯಿತು. ಬರೀ ಹೆಸರುಗಳ ಪಟ್ಟಿ ಇರುವ ಅಧ್ಯಾಯಗಳನ್ನು ಓದತೊಡಗಿದಳು. ಇಂಥವನ ಮಗ ಇಂಥವನು, ಅವನ ಮಗ ಇನ್ನೊಬ್ಬ. ಇದರಲ್ಲಿ ಏನು ಹೇಳುತ್ತಾಳೋ ನೋಡೋಣ ಎಂದುಕೊಂಡಳು. ನಾಲ್ಕು ದಿನ ಜಡೆಮ್ಮ ಸುಮ್ಮನೆ ಕೇಳಿ ಎದ್ದುಹೋದಳು. ಬುಧವಾರ ಹೆಂಗಸರು ಕೇಳಿದಾಗ ಹೇಳಿದಳು.

"ಈ ವಾರ ಅಕ್ಕ ಎಸ್ರುಗಳ ಓದಿದ್ರು. ಎಷ್ಟು ಜನ ಅಂತೀರ. ರಾಜ್ರೇನೋ ಸರಿ, ಆದ್ರ ಏನೂ ಮಾಡ್ದೆ ಸುಮ್ನ ಬದುಕ್ದೋರ ಎಸ್ರೂ ಬರ್ದು ಮಡಗವ್ರ. ನಮ್ಮವ್ವನ ಎಸ್ರ ನಾನು ಸತ್ರ ಯಾರೂ ಏಳಾದಿಲ್ಲ. ಸ್ವಾಮಿ ಅತ್ರ ಎಲ್ಲೋ ಬರ್ದದ ಅನ್ನುಸ್ತು."

ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಸತ್ತುಹೋದ ತಾಯಿಯ ಹೆಸರು ಹೇಳಿದರು. ಕುಮಾರಿಯ ಸರದಿ ಬಂದಾಗ ಅವಳೂ ಹೇಳಬೇಕಾಯಿತು. ಹೇಳುವಾಗ ಅವಳ ಮುಖ ಬಿಸಿಯಾಗಿತ್ತು.

ಅಂದು ಸಂಜೆ ಪಾಸ್ಟರ್ ಮಣಿ ತಾಳವಾಡಿಯಿಂದ ಬೈಕಿನಲ್ಲಿ ಬಂದಿದ್ದರು. "ಬರೋ ತಿಂಗಳು ಹೆಂಗಸರ ಭಾನುವಾರ ಇದೆಯಲ್ಲ, ಈ ಸಲ ಜಡೆಮ್ಮ ಮಾತಾಡಲಿ" ಎಂದರು. ವರ್ಷಕ್ಕೊಮ್ಮೆ ಬರುವ ಆ ಭಾನುವಾರ ಹನ್ನೊಂದು ವರ್ಷದಿಂದ ಸಭೆಯ ಮುಂದೆ ನಿಂತು ಮಾತಾಡುತ್ತಿದ್ದವಳು ಕುಮಾರಿ. "ಆಗಲಿ, ಒಳ್ಳೇದು" ಎಂದಳು. ಮನೆಗೆ ಬಂದು ಗಂಡ ಸೆಲ್ವರಾಜನಿಗೆ ಸಾರು ಬಡಿಸುತ್ತ ಅದನ್ನು ಹೇಳಿದಳು. ತರಕಾರಿ ಗಾಡಿ ಓಡಿಸುವ ಸೆಲ್ವರಾಜ್ ಹೆಚ್ಚು ಮಾತಿನವನಲ್ಲ. ಊಟ ಮಾಡುತ್ತಲೇ ಹೇಳಿದ.

"ಒಳ್ಳೇದಾಯ್ತು ಬುಡು. ಆಯಮ್ಮ ಏಳಿದ್ರ ಕಣ್ಮುಂದ ನಡ್ದಂಗ ಇರ್ತದ."

ಕುಮಾರಿ ಇನ್ನೊಂದು ಸೌಟು ಸಾರು ಹಾಕಿದಳು, ಅವನು ಬೇಡ ಎಂದರೂ.

ಮರುದಿನದ ಓದಿನಲ್ಲಿ ಬಂದದ್ದು ಪೇತ್ರನ ಕಥೆ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ, ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ಕುಳಿತಿದ್ದ ಪೇತ್ರನನ್ನು ಜನ ಕೇಳುತ್ತಾರೆ, ನೀನು ಅವನ ಕಡೆಯವನಲ್ಲವೇ ಎಂದು. ಅವನು ಮೂರು ಸಲವೂ ಅವನನ್ನು ಅರಿಯೆ ಎನ್ನುತ್ತಾನೆ. ಕೋಳಿ ಕೂಗುತ್ತದೆ. ಅವನು ಹೊರಗೆ ಹೋಗಿ ಅಳುತ್ತಾನೆ. ಕುಮಾರಿ ಅಲ್ಲಿಗೆ ಓದು ನಿಲ್ಲಿಸಿದಳು.

ಜಡೆಮ್ಮ ಏಳಲಿಲ್ಲ. ಅವಳ ಮುಖ ಕಪ್ಪಿಟ್ಟಿತ್ತು.

"ಆಮ್ಯಾಲ ಏನಾಯ್ತು ಅಕ್ಕ? ಸ್ವಾಮಿ ಎದ್ದು ಬಂದ್ರಲ್ಲ ಮೂರು ದಿನಕ್ಕ, ಆಗ ಇವ್ನ ಕರದ್ರ? ಏನಾದ್ರೂ ಅಂದ್ರ?"

ಆ ಕಣ್ಣುಗಳಲ್ಲಿ ಅಷ್ಟು ಆತುರವಿತ್ತು. ಮುಂದಿನದು ಕುಮಾರಿಗೆ ಬಾಯಿಪಾಠವಾಗಿಯೇ ಬರುತ್ತಿತ್ತು. ಬೆಳಗಿನ ಕೆರೆದಂಡೆ, ಕೆಂಡದ ಮೇಲೆ ಸುಡುತ್ತಿದ್ದ ಮೀನು, ಬಾ ಊಟ ಮಾಡು ಎಂದು ಕರೆದ ಯೇಸು, ಮೂರು ಸಲ ನನ್ನ ಮೇಲೆ ನಿನಗೆ ಪ್ರೀತಿಯುಂಟೋ ಎಂದು ಕೇಳಿದ್ದು. ಇದನ್ನು ಇವಳು ಆ ಭಾನುವಾರ ಎದ್ದು ನಿಂತು ಹೇಳಿದರೆ ಸಭೆಗೆ ಸಭೆಯೇ ಅಳುತ್ತದೆ ಎಂದು ಅವಳಿಗೆ ಆಗಲೇ ಕಂಡಿತು.

"ಅಷ್ಟೇ" ಎಂದಳು. "ಆಚೆ ಹೋಗಿ ಅತ್ತ. ಅವನ ಕಥೆ ಅಲ್ಲಿಗೆ ಮುಗೀತು."

"ಕರೀನೇ ಇಲ್ವ?"

"ಇಲ್ಲ."

ಜಡೆಮ್ಮ ಡಬ್ಬಿ ಎತ್ತಿಕೊಂಡು ಎದ್ದಳು. ಬತ್ತೀನಿ ಎಂದೂ ಹೇಳಲಿಲ್ಲ.

ಕುಮಾರಿಗೆ ಒಳಗೆ ಭಯವಿತ್ತು. ಈ ಸುಳ್ಳು ಒಂದು ದಿನವೂ ನಿಲ್ಲುವಂಥದ್ದಲ್ಲ. ಜಡೆಮ್ಮ ಯಾರಿಗಾದರೂ ಹೇಳಿದರೆ ಅವರೇ ತಿದ್ದುತ್ತಾರೆ. ಆದರೆ ಜಡೆಮ್ಮ ಆ ಕಥೆಯನ್ನು ಯಾರಿಗೂ ಹೇಳಲಿಲ್ಲ. ಬುಧವಾರ ಹೆಂಗಸರು ಕೇಳಿದಾಗ "ಈ ವಾರ ಏನೂ ಇಲ್ಲ ಕಣ್ರವ್ವ" ಎಂದು ತಲೆ ಬಗ್ಗಿಸಿದಳು. ಕುಮಾರಿಯೇ ಎದ್ದು ಪಾಠ ಮಾಡಿದಳು. ಎಷ್ಟೋ ವಾರಗಳ ಮೇಲೆ ಎಲ್ಲರ ಮುಖ ತನ್ನ ಕಡೆಗಿತ್ತು. ಮನೆಗೆ ಹೋಗುವಾಗ ಅವಳ ಹೆಜ್ಜೆ ಹಗುರವಾಗಿತ್ತು.

ಶನಿವಾರ ಬೆಳಿಗ್ಗೆ ಜಡೆಮ್ಮ ಬಂದು ಕುಳಿತಳು. ಕುಮಾರಿ ಪುಸ್ತಕ ತೆರೆಯುವ ಮೊದಲೇ ಹೇಳಿದಳು.

"ಅಕ್ಕ, ನೆನ್ನ ನಮ್ಮಣ್ಣ ಬಂದಿದ್ದ."

ಬಿಳಿಗಿರಿ ಎಂಬ ಅಣ್ಣ ಅವಳಿಗಿದ್ದಾನೆ ಎಂದು ಕುಮಾರಿಗೆ ಗೊತ್ತಿತ್ತು. ಅಪ್ಪ ಅವ್ವ ಸತ್ತ ಮೇಲೆ ಜಡೆಮ್ಮನನ್ನು ಹೆಗಲ ಮೇಲೆ ಹೊತ್ತು ಸಾಕಿದವನು. ಅವನ ಮಾತು ಬಂದಾಗಲೆಲ್ಲ ಅವಳು ಸುಮ್ಮನಾಗುತ್ತಿದ್ದಳು. ಈಗ ತಾನಾಗಿ ಹೇಳಿದಳು.

"ಕಳದ್ ಬ್ಯಾಸ್ಗೇಲಿ ಹಾಸನೂರಲ್ಲಿ ಒಂದು ಮದ್ವ. ನಾನು ಊಟಕ್ಕ ಬಡುಸ್ತಿದ್ದಿ. ಗಂಡಿನ ಕಡೆಯೋರು ನಮ್ಮಣ್ಣನ ಕೇಳಿದ್ರು, ಆ ಪ್ರಾರ್ಥನಗ ಓಗೋಳು ನಿನ್ ತಂಗಿ ಅಲ್ವ ಅಂತ. ಅವ್ನು, ನಂಗ ಗೊತ್ತಿಲ್ಲ, ಅವ್ಳು ಯಾರೋ ಏನೋ ಅಂದ. ನಾನು ಇಂದ್ಗಡೆನೇ ನಿಂತಿದ್ದಿ, ಅನ್ನದ ತಟ್ಟ ಇಡ್ಕಂಡು. ತಿರುಗಿ ನನ್ನ ನೋಡ್ದ. ಮುಖ ಇಷ್ಟಾಯ್ತು. ಅವತ್ತಿಂದ ಬಂದಿರ್ನಿಲ್ಲ."

ಕುಮಾರಿ ಪುಸ್ತಕ ತೆರೆಯದೆ ಕೈಯಲ್ಲೇ ಹಿಡಿದುಕೊಂಡಳು.

"ನೀನು ಆ ಪೇತ್ರನ ಕಥ ಓದ್ದಾಗ ನಮ್ಮಣ್ಣನೇ ಕಂಡ ಅಕ್ಕ. ಅಯ್ಯೋ, ಸ್ವಾಮಿ ಅವ್ನ ಏನ್ಮಾಡಿದ್ರು ಅಂತ ಗೊತ್ತಾದ್ರ ನಾನೂ ಅಂಗೇ ಮಾಡ್ಬೇಕು ಅನ್ಕಂಡಿ. ನೀನು ಕರೀನಿಲ್ಲ ಅಂದಲ್ಲ. ನೆನ್ನ ಅವ್ನು ಒಂದು ಬಾಟ್ಲು ಜೇನು ತಕ್ಕಂಡು ಬಂದು ಬಾಗ್ಲಲ್ಲಿ ನಿಂತ. ನಂಗ ಕರುಳು ಕಿತ್ತು ಬಂತು. ಆದ್ರ ಸ್ವಾಮೀನೇ ಕರೀದೆ ಇದ್ದೋನ ಕರಿಯಾಕ ನಾನ್ಯಾರು? ಓಗು ಅಂದಿ. ಜೇನೂ ಈಸ್ಕನಿಲ್ಲ. ಅವ್ನು ಏನೂ ಅನ್ನಿಲ್ಲ. ಓದ."

ಅವಳು ಅಳಲಿಲ್ಲ. ಮಾಡಬೇಕಾದ ಒಂದು ಕಷ್ಟದ ಕೆಲಸ ಮಾಡಿ ಬಂದವಳ ಹಾಗೆ ಹೇಳಿದಳು. "ನಾನು ಮಾಡಿದ್ದು ಸರಿನಾ ಅಕ್ಕ?" ಎಂದು ಕೇಳಿದಳು.

ಕುಮಾರಿಯ ಕೈಯಲ್ಲಿದ್ದ ಪುಸ್ತಕ ಭಾರವಾಯಿತು. ಹತ್ತೊಂಬತ್ತು ವರ್ಷ ತಾನು ಓದಿದ ಮಾತುಗಳನ್ನು ಇವಳು ಬರೀ ಕೇಳುತ್ತಿರಲಿಲ್ಲ, ಹಾಗೆಯೇ ನಡೆಯುತ್ತಿದ್ದಳು. ಅದಕ್ಕೇ ದೇವರು ಇವಳಿಗೆ ಹತ್ತಿರ. ಆ ನಂಬಿಕೆಯನ್ನೇ ಹಿಡಿದು ತಾನು ಒಬ್ಬ ಅಣ್ಣನನ್ನು ತಂಗಿಯ ಬಾಗಿಲಿನಿಂದ ಓಡಿಸಿದ್ದಳು. ಏನೋ ಒಂದು ನೆಪ ಹೇಳಬಹುದಿತ್ತು. ಆ ಪುಟ ನೋಡಿರಲಿಲ್ಲ, ಮರೆತಿದ್ದೆ ಎನ್ನಬಹುದಿತ್ತು. ಬಾಯಿ ಆ ಮಾತಿಗೆ ತೆರೆಯಿತು ಕೂಡ.

"ಜಡೆಮ್ಮ, ನಾನು ಸುಳ್ಳು ಹೇಳ್ದೆ" ಎಂದಳು. "ಕಥೆ ಅಲ್ಲಿಗೆ ಮುಗಿಯಲ್ಲ. ಸ್ವಾಮಿ ಅವನ್ನ ಕರೀತಾರೆ."

ಜಡೆಮ್ಮ ಅರ್ಥವಾಗದೆ ನೋಡಿದಳು. "ಯಾಕ ಅಕ್ಕ?"

"ಹೊಟ್ಟೆಕಿಚ್ಚು. ನೀನು ಹೇಳಿದ್ರೆ ಎಲ್ಲರೂ ಕೇಳ್ತಾರೆ. ನೀನು ಪ್ರಾರ್ಥನೆ ಮಾಡಿದ್ರೆ ಸ್ವಾಮಿ ಕೇಳಿಸ್ಕೋತಾರೆ. ನನಗೆ ಅದು ತಡೀಲಿಲ್ಲ."

ಹೊರಗೆ ಕೂಲಿಗೆ ಕರೆದೊಯ್ಯುವ ಟೆಂಪೋ ಬಂದು ಹಾರನ್ ಹೊಡೆಯಿತು. ಜಡೆಮ್ಮ ಅತ್ತ ನೋಡಲಿಲ್ಲ.

"ಓದು" ಎಂದಳು.

ಕುಮಾರಿ ಓದಿದಳು. ಕೆಂಡ, ಮೀನು, ಮೂರು ಪ್ರಶ್ನೆಗಳು. ಅವಳ ದನಿ ಎರಡು ಕಡೆ ನಿಂತುಹೋಯಿತು. ಮುಗಿದಾಗ ಜಡೆಮ್ಮ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದಳು. ಟೆಂಪೋ ಅವಳನ್ನು ಬಿಟ್ಟೇ ಹೋಗಿತ್ತು.

ಭಾನುವಾರ ಅವಳು ಸಭೆಗೆ ಬರಲಿಲ್ಲ. ಸೋಮವಾರ ಬೆಳಿಗ್ಗೆ ಹೊಸ್ತಿಲು ಖಾಲಿ. ಮಂಗಳವಾರವೂ. ಕುಮಾರಿ ಚಾಪೆ ಹಾಸಿ ಕುಳಿತರೂ ಪುಸ್ತಕ ತೆರೆಯಲಾಗಲಿಲ್ಲ. ಅಪ್ಪ ಕಲಿಸಿದ ಮಾತುಗಳು ಬಾಯಿಗೆ ಬಂದವು, ಹೇಳಲು ನಾಚಿಕೆಯಾಯಿತು. ಕೊನೆಗೆ ಬರಿಗೈಯಲ್ಲಿ ಕುಳಿತು ಹೇಳಿದಳು: "ಸ್ವಾಮಿ, ಅವಳ ಮೇಲೆ ನನಗೆ ಈಗಲೂ ಹೊಟ್ಟೆಕಿಚ್ಚು. ಮಾಡಿದ್ದು ತಪ್ಪು ಅಂತ ಗೊತ್ತು. ಆದರೂ ಹೋಗಿಲ್ಲ. ಏನು ಮಾಡಲಿ?" ಇಷ್ಟು ವರ್ಷದಲ್ಲಿ ದೇವರ ಹತ್ತಿರ ಅವಳು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು. ಉತ್ತರ ಏನೂ ಬರಲಿಲ್ಲ. ಆದರೆ ಆ ಬೆಳಿಗ್ಗೆ ಕೋಣೆ ಖಾಲಿ ಎಂದು ಅವಳಿಗೆ ಅನ್ನಿಸಲಿಲ್ಲ. ಅವಳು ಬಹಳ ಹೊತ್ತು ಅಲ್ಲೇ ಕುಳಿತಿದ್ದಳು. ಒಲೆ ಹಚ್ಚಿಲ್ಲವಲ್ಲ ಎಂದು ಸೆಲ್ವರಾಜ್ ಬಂದು ನೋಡಿ, ತಾನೇ ಕಾಫಿ ಮಾಡಿ ತಂದಿಟ್ಟುಹೋದ.

ಬುಧವಾರ ವೇದಪಾಠದಲ್ಲಿ ಕುಮಾರಿ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದಳು. ಬಿಳಿಗಿರಿಯ ಸುದ್ದಿ ಜಡೆಮ್ಮನದು, ಅದನ್ನು ಮಾತ್ರ ಹೇಳಲಿಲ್ಲ. ಹೆಂಗಸರು ನೆಲ ನೋಡುತ್ತ ಕುಳಿತರು. ಪುಟ್ಟನಂಜಮ್ಮ ಮಾತ್ರ, "ದೇವ್ರ ಪುಸ್ತಕದಲ್ಲೇ ಸುಳ್ಳು ಏಳ್ದಲ್ಲ ತಾಯಿ" ಎಂದು ಎದ್ದುಹೋದಳು. ಕುಮಾರಿ ಅಂದೇ ಪಾಸ್ಟರ್ ಮಣಿಗೆ ಫೋನ್ ಮಾಡಿ, ಸ್ವಲ್ಪ ದಿನ ಬೇರೆಯವರು ಪಾಠ ನಡೆಸಲಿ ಎಂದಳು. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಜಡೆಮ್ಮನ ಹತ್ತಿರ ಹೋದ್ರಾ?" ಎಂದು ಮಾತ್ರ ಕೇಳಿದರು.

ಅವಳು ಹೋಗುವ ಮೊದಲೇ ಗುರುವಾರ ಬೆಳಿಗ್ಗೆ ಜಡೆಮ್ಮ ಬಾಗಿಲಲ್ಲಿ ನಿಂತಿದ್ದಳು. ಕೂಲಿಗೆ ಹೋಗುವಾಗ ಸೀರೆಯ ಮೇಲೆ ತೊಡುವ ಹಳೆ ಅಂಗಿ ಹಾಕಿರಲಿಲ್ಲ, ಒಗೆದ ಸೀರೆ ಉಟ್ಟಿದ್ದಳು.

"ಪುಸ್ತಕ ತಕ್ಕ. ಹಾಸನೂರ್ಗ ಓಗನ. ನಾನು ಓದ ವಾರ ಓಗು ಅಂದೋಳು, ಈ ವಾರ ಬಾ ಅಂದ್ರ ಅವ್ನಿಗ ಏನಂತ ಅರ್ಥ ಆದದು? ನೀನೇ ಓದಿ ಏಳು."

ಬಸ್ಸಿನಲ್ಲಿ ಜಡೆಮ್ಮ ಕುಮಾರಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡಿದಳು. ಹಾಸನೂರಿನಲ್ಲಿ ಇಳಿದು ಪೋಡಿಗೆ ಅರ್ಧ ಗಂಟೆ ನಡೆದರು. ಬಿಳಿಗಿರಿ ಮನೆಯ ಮುಂದೆ ಕುಳಿತು ಲಾಂಟಾನ ಎಂಬ ಕಾಡುಪೊದೆಯ ಕಡ್ಡಿಗಳಿಂದ ಕುರ್ಚಿ ಹೆಣೆಯುತ್ತಿದ್ದ. ತಂಗಿಯನ್ನು ಕಂಡು ಅರ್ಧ ಎದ್ದವನು, ಏಳಬೇಕೋ ಬೇಡವೋ ಎಂದು ಹಾಗೆಯೇ ನಿಂತ.

ಕುಮಾರಿ ಬಾಗಿಲ ಮುಂದಿನ ಕಲ್ಲಿನ ಮೇಲೆ ಕುಳಿತು ತಾನು ಯಾರು, ಏನು ಮಾಡಿದೆ ಎಂದು ಹೇಳಿದಳು. "ನಿಮ್ಮ ತಂಗಿ ನಿಮ್ಮನ್ನ ಕಳಿಸಿದ್ದು ನನ್ನ ಸುಳ್ಳಿನಿಂದ" ಎಂದಳು. ಆಮೇಲೆ ಪುಸ್ತಕ ತೆಗೆದು, ಅಂಗಳದ ಬೆಂಕಿಯಿಂದ ಕೆರೆದಂಡೆಯ ಬೆಂಕಿಯವರೆಗೂ ಓದಿದಳು. ಬಿಳಿಗಿರಿ ಸಭೆಗೆ ಹೋಗುವವನಲ್ಲ, ಅವನ ದೇವರು ಬೇರೆ. ಕಡ್ಡಿ ಬಗ್ಗಿಸುತ್ತಲೇ ಕೇಳಿದ. ಮೂರನೆಯ ಸಲ ಪ್ರಶ್ನೆ ಬಂದಾಗ ಅವನ ಕೈ ನಿಂತಿತು.

"ಮೂರು ಸಲ ಯಾಕ ಕೇಳ್ದ?" ಎಂದ.

ಕುಮಾರಿಗೆ ಅದರ ವ್ಯಾಖ್ಯಾನ ಗೊತ್ತಿತ್ತು. ಹೇಳಲು ಬಾಯಿ ತೆರೆದವಳು ಸುಮ್ಮನಾದಳು. ಜಡೆಮ್ಮ ಹೇಳಿದಳು.

"ಅವ್ನು ಮೂರು ಸಲ ಇಲ್ಲ ಅಂದಿದ್ನಲ್ಲಣ್ಣ. ಒಂದೊಂದ್ಕೂ ಒಂದೊಂದು ಸಲ ಊಂ ಅನ್ನಾಕ ಜಾಗ ಕೊಟ್ರು."

ಬಿಳಿಗಿರಿ ತಲೆ ತಗ್ಗಿಸಿದ. "ನಾನು ಒಂದೇ ಸಲ ಅಂದಿದ್ದು ಕಣಮ್ಮಿ" ಎಂದ.

"ಅದ್ಕೇ ನಾನೂ ಒಂದೇ ಸಲ ಬಂದಿವ್ನಿ" ಎಂದಳು ಜಡೆಮ್ಮ. ಅಣ್ಣ ನಕ್ಕ. ನಗುತ್ತಲೇ ಅವನ ಮೂಗು ಕೆಂಪಾಯಿತು. ಒಳಗಿನಿಂದ ಅವನ ಹೆಂಡತಿ ಮಾದೇವಮ್ಮ ಮೂರು ತಟ್ಟೆ ತಂದಳು. ರಾಗಿ ಮುದ್ದೆ, ಸೊಪ್ಪಿನ ಸಾರು. ಅಣ್ಣ ತಂಗಿ ಎದುರುಬದುರು ಕುಳಿತು, ಸತ್ತ ಅವ್ವನ ಮಾತು, ಕಾಡಿನ ದಾರಿಗಳ ಮಾತು ಆಡುತ್ತ ಉಂಡರು.

ಕುಮಾರಿ ಸ್ವಲ್ಪ ದೂರ ಕುಳಿತು ಉಂಡಳು. ಜಡೆಮ್ಮ ಹೇಳಿದ ಆ ಒಂದು ಮಾತನ್ನು ತಾನು ಅಷ್ಟು ಸರಳವಾಗಿ ಎಂದೂ ಹೇಳಲಾರೆ ಎಂದು ಹೊಳೆದಾಗ ಎದೆಯಲ್ಲಿ ಅದೇ ಹಳೆಯ ಉರಿ ಎದ್ದಿತು. ಅವಳಿಗೆ ಆಶ್ಚರ್ಯವಾಗಲಿಲ್ಲ. ಮುದ್ದೆಯ ತುತ್ತು ಕೈಯಲ್ಲಿರುವಂತೆಯೇ, ಬಂತು ನೋಡು ಸ್ವಾಮಿ, ಮತ್ತೆ ಬಂತು ಎಂದು ಮನಸ್ಸಿನಲ್ಲಿ ಹೇಳಿದಳು. ಉರಿ ಆರಲಿಲ್ಲ. ಆದರೆ ಅದನ್ನು ಒಬ್ಬಳೇ ಹೊತ್ತುಕೊಂಡಿದ್ದೇನೆ ಅನ್ನಿಸಲಿಲ್ಲ. ಊಟ ಗಂಟಲಲ್ಲಿ ಇಳಿಯಿತು.

ವಾಪಸ್ಸು ಬಸ್ಸಿಗೆ ಕಾಯುವಾಗ ಜಡೆಮ್ಮ ಹೇಳಿದಳು.

"ನಿನ್ನ ಮ್ಯಾಲ ಸಿಟ್ಟು ಇನ್ನೂ ಅದ ಅಕ್ಕ. ಓಯ್ತು ಅಂತ ಅನ್ಕಬ್ಯಾಡ."

"ಇರಲಿ" ಎಂದಳು ಕುಮಾರಿ. "ನಾಳೆ ಬರ್ತೀಯಾ?"

"ನಾಳ ಇಲ್ಲ. ನೋಡ್ತೀನಿ."

ಮರುದಿನ ಅವಳು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಕುಮಾರಿ ಎರಡು ದಿನವೂ ಬಾಗಿಲು ತೆರೆದಿಟ್ಟು, ಕೇಳುವವರಿಲ್ಲದಿದ್ದರೂ ಜೋರಾಗಿಯೇ ಓದಿದಳು. ಓದುವಾಗ ಪಾಠಕ್ಕೆ ಬೇಕಾದ ವಚನ ಯಾವುದು ಎಂದು ಹುಡುಕಲಿಲ್ಲ. ಒಂದು ಮಾತು ತಾಗಿದರೆ ಅಲ್ಲೇ ನಿಲ್ಲುತ್ತಿದ್ದಳು. ಅಧ್ಯಾಯ ಮುಗಿಯದೇ ಉಳಿದರೂ ಬಿಟ್ಟುಬಿಡುತ್ತಿದ್ದಳು.

ಭಾನುವಾರ ಬೆಳಿಗ್ಗೆ, ಸಭೆಗೆ ಹೋಗುವ ಹೊತ್ತಿಗೆ ಎರಡು ಗಂಟೆ ಮೊದಲೇ, ಜಡೆಮ್ಮ ಬಂದು ಕುಳಿತಳು. ಅಂದು ಹೆಂಗಸರ ಭಾನುವಾರ. ಏನು ಹೇಳುವುದೋ ಎಂದು ಅವಳಿಗೆ ಹೆದರಿಕೆಯಿತ್ತು, ಬೆರಳುಗಳನ್ನು ಹಿಂಡಿಕೊಳ್ಳುತ್ತಿದ್ದಳು. "ಎಲ್ಲಾನೂ ಮರ್ತೋಗದ ಅಕ್ಕ. ಆ ಮೀನಿನ ಕಥ ಇನ್ನೊಂದ್ಸಲ ಓದು" ಎಂದಳು. ಕುಮಾರಿ ಓದಿದಳು. ಜಡೆಮ್ಮ ತಿರುಗಿ ಹೇಳುತ್ತ ತಡವರಿಸಿದ ಕಡೆ ಮತ್ತೊಮ್ಮೆ ಓದಿದಳು. ಎಲ್ಲಿ ನಿಧಾನ ಹೇಳಿದರೆ ಹಿಂದಿನ ಸಾಲಿನವರಿಗೂ ಕೇಳುತ್ತದೆ ಎಂಬುದನ್ನು ಕೂಡ, ಹನ್ನೊಂದು ವರ್ಷ ಆ ಜಾಗದಲ್ಲಿ ನಿಂತು ಕಲಿತದ್ದನ್ನು, ಹೇಳಿಕೊಟ್ಟಳು. ಹೇಳಿಕೊಡುವಾಗ ಎದೆಯಲ್ಲಿ ಉರಿ ಇತ್ತು. ಇದ್ದಹಾಗೆಯೇ ಹೇಳಿಕೊಟ್ಟಳು.

ಸಭೆಯಲ್ಲಿ ಜಡೆಮ್ಮ ಮಾತಾಡಿದಾಗ ಕುಮಾರಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಪುಟ್ಟನಂಜಮ್ಮ ಮುಖ ತಿರುಗಿಸಿಕೊಂಡೇ ಇದ್ದಳು. ಮಾತು ಕೆರೆದಂಡೆಗೆ ಬಂದು ಕುಮಾರಿಯ ಕಣ್ಣು ತುಂಬಿದಾಗ, ಪುಟ್ಟನಂಜಮ್ಮ ಅವಳತ್ತ ನೋಡದೆಯೇ, ತನ್ನ ಸೆರಗಿನ ತುದಿಯನ್ನು ಕುಮಾರಿಯ ಕಡೆ ಚಾಚಿದಳು, ಕಣ್ಣೊರೆಸಿಕೊಳ್ಳಲು.